ತಲೆ ಮರೆತರೂ ಕೈ ಮರೆಯದು

ಗುಳೇದಗುಡ್ಡದಲ್ಲಿ ಖಣ ನೇಯುವ ನಮ್ಮ ಸೋದರಮಾವನವರು ಸೈಕಲ್ಲಿನಿಂದ ಬಿದ್ದಾಗ ಮಿದುಳಿಗೆ ಬಲವಾದ ಪೆಟ್ಟಾಯಿತು. ಜೀವ ಉಳಿಯಿತು, ಹೊಸ ಸಂಗತಿ ಮಾತ್ರ ಯಾವುದೂ ಮನದಲ್ಲಿ ನಿಲ್ಲದಾಯಿತು. “ಯಾವಾಗ ಬಂದ್ಯೋ, ತಮ್ಮಾ?” ಎಂದು ಒಂದೇ ಸಂಜೆ ನಾಲ್ಕು ಸಲ ಕೇಳಿದರು. ಆದರೆ ಕುಣಿಮಗ್ಗದಲ್ಲಿ ಕುಳಿತರೆ ಲಾಳಿ ಮೊದಲಿನಂತೆಯೇ ಓಡುತ್ತದೆ. ಇದನ್ನು ಕಂಡ ಓಣಿಯವರು “ಮರೆವೆಲ್ಲ ಸೋಗು” ಎಂದರು. ನನಗೂ ಹಾಗೆ ಅನಿಸಿದ್ದುಂಟು.

ಅಮೇರಿಕದ ಹೆನ್ರಿ ಮೊಲೈಸನ್ನನ ಸಂಗತಿ ಓದಿದ ಮೇಲೆ ನಾಚಿಕೆಯಾಯಿತು. ಮೂರ್ಛೆರೋಗಕ್ಕೆಂದು 1953ರಲ್ಲಿ ಅವನ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ಸಿನ ಬಹುಭಾಗವನ್ನು ತೆಗೆದರು. ಅಲ್ಲಿಂದ ಮುಂದೆ ನಡೆದುದು ಅವನ ನೆನಪಿನಲ್ಲಿ ಉಳಿಯಲಿಲ್ಲ. ಆದರೂ ಬ್ರೆಂಡಾ ಮಿಲ್ನರ್ ಎಂಬ ವಿದುಷಿ, ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ಎಳೆಯಲು ಹಚ್ಚಿದಾಗ, ಮೂರು ದಿನಗಳಲ್ಲಿ ಅವನ ಕೈ ಪಳಗಿತು. ಹಿಂದೆ ಎಳೆದಿದ್ದೇನೆಂಬ ಅರಿವೇ ಅವನಿಗಿರಲಿಲ್ಲ. ಸಂಗತಿಗಳ ನೆನಪಿಗೂ ಕೈಗೆಲಸದ ನೆನಪಿಗೂ ಮಿದುಳಿನಲ್ಲಿ ನೆಲೆ ಬೇರೆ.

ಈಗ ಅತ್ತೆಯವರು ಮಗ್ಗದ ಬದಿಗೆ ಪಾಟಿ ತೂಗುಹಾಕಿದ್ದಾರೆ: “ಊಟ ಆಗೇತಿ.” ಮಾವನವರು ಓದುತ್ತಾರೆ, ಒಮ್ಮೊಮ್ಮೆ ನಂಬುತ್ತಾರೆ.