ಮುಳಗುಂದದ ಸೀಮೆ: ಎರೆನೆಲ, ನೀರು, ಜನ

ಗದಗಿನಿಂದ ನೈರುತ್ಯ ದಿಕ್ಕಿಗೆ ಸುಮಾರು 20 ಕಿಲೋಮೀಟರು ಸಾಗಿದರೆ ಮುಳಗುಂದ ದೊರೆಯುತ್ತದೆ. ಇಂದು ಪಟ್ಟಣ ಪಂಚಾಯತಿಯುಳ್ಳ ಸಾಧಾರಣ ಊರಾದರೂ ಇದರ ಚರಿತ್ರೆ ದೀರ್ಘವಾದುದು. ಶಕವರ್ಷ 824ರ, ಎಂದರೆ ಕ್ರಿ.ಶ. 902ರ ಸುಮಾರಿನ ಶಾಸನವೊಂದು ಇಲ್ಲಿ ಜಿನಾಲಯ ಕಟ್ಟಿಸಿದ ಸಂಗತಿಯನ್ನು ತಿಳಿಸುತ್ತದೆ. 1112ರಲ್ಲಿ ‘ಧರ್ಮಾಮೃತ’ವನ್ನು ರಚಿಸಿದ ನಯಸೇನ ಈ ಊರಿನವನು. ಸಮೀಪದ ದಾವಲ್ ಮಲಿಕ್ ದರ್ಗಾಕ್ಕೆ ಹಿಂದೂಗಳೂ ಮುಸಲ್ಮಾನರೂ ಹರಕೆ ಹೊತ್ತು ಬರುತ್ತಾರೆ. ಈ ಪ್ರದೇಶವನ್ನು ಪ್ರಾಚೀನ ಶಾಸನಗಳು ಬೆಳ್ವೊಲ, ಎಂದರೆ ಬೆಳೆಯ ಹೊಲ, ಎಂದು ಕರೆದಿವೆ. ಆದರೆ ಇಲ್ಲಿನ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಆಗುಂಬೆಯ ಮಳೆಯಲ್ಲಿ ಹತ್ತರಲ್ಲೊಂದು ಪಾಲೂ ಇಲ್ಲ. ಸಹ್ಯಾದ್ರಿಯ ಮಳೆಮರೆಯಲ್ಲಿರುವ ಈ ನೆಲ ಬೆಳೆಯ ಹೊಲವೆನಿಸಿದ್ದು ಹೇಗೆ ಎಂಬುದನ್ನು ವಿಚಾರಿಸೋಣ.

ಇಲ್ಲಿಯ ರೈತರು ನೆಲವನ್ನು ಮುಖ್ಯವಾಗಿ ಎರಡು ಬಗೆಯಾಗಿ ಗುರುತಿಸುತ್ತಾರೆ: ಕಪ್ಪಾದ ಎರೆ, ಕೆಂಪಾದ ಮಸಾರಿ. ಕಪ್ಪುಮಣ್ಣೆಲ್ಲ ಲಾವಾದಿಂದ ಹುಟ್ಟಿದ್ದೆಂದು ಅನೇಕರು ಭಾವಿಸುವುದುಂಟು. ದಖನ್ನಿನ ಲಾವಾಹಾಸಾದರೋ ಉತ್ತರದಲ್ಲಿ ವಿಜಯಪುರ, ಬೆಳಗಾವಿಗಳ ಕಡೆಯೇ ಕೊನೆಗೊಳ್ಳುತ್ತದೆ. ಗದಗಿನ ತಳದಲ್ಲಿರುವುದು 250 ಕೋಟಿ ವರ್ಷಗಳಿಗಿಂತ ಹಳೆಯದಾದ ಧಾರವಾಡ ಶಿಲಾಸಮೂಹ. ಇದರಲ್ಲಿ ಕಬ್ಬಿಣ, ಮೆಗ್ನೀಸಿಯಂ, ಸುಣ್ಣದ ಅಂಶಗಳುಳ್ಳ ಪದರುಗಲ್ಲುಗಳು ಹೇರಳ. ಕಪ್ಪತಗುಡ್ಡದಂಥ ಇಳಿಜಾರಿನಲ್ಲಿ ಮಳೆನೀರು ಸುಣ್ಣವನ್ನು ತೊಳೆದೊಯ್ದು, ಕಬ್ಬಿಣದ ತುಕ್ಕು ಉಳಿದಲ್ಲಿ ನೆಲ ಮಸಾರಿಯಾಯಿತು. ಆ ಅಂಶಗಳು ಬಯಲಿನಲ್ಲಿ ತಂಗಿದೆಡೆ ಎರೆಯಾಯಿತು.

ಎರೆಮಣ್ಣಿನ ಜೇಡಿಯ ಕಣಗಳು ಪುಸ್ತಕದ ಹಾಳೆಗಳಂತೆ ಪದರುಪದರಾಗಿವೆ. ನೀರು ಈ ಪದರುಗಳ ನಡುವೆ ಹೊಕ್ಕು ಅವನ್ನು ಅಗಲಿಸುತ್ತದೆ, ಮಣ್ಣು ಉಬ್ಬುತ್ತದೆ. ಒಣಗಿದಾಗ ಕುಗ್ಗಿ, ಕೈ ತೂರುವಷ್ಟು ಬಿರುಕು ಬಿಡುತ್ತದೆ. ಒಂದು ಮೀಟರು ಆಳದ ಎರೆ ಬೆಳೆಗೆ ಒದಗುವಂಥ ಸುಮಾರು 150ರಿಂದ 200 ಮಿಲಿಮೀಟರು ನೀರನ್ನು ಹಿಡಿದಿಡಬಲ್ಲದು. ಸೆಪ್ಟೆಂಬರ್-ಅಕ್ಟೋಬರ್ ಮಳೆಯಲ್ಲಿ ನೆಲ ತಣಿದರೆ, ಹಿಂಗಾರಿ ಜೋಳ, ಕಡಲೆ, ಕುಸುಬೆಗಳು ಮುಂದೆ ಹನಿ ಬೀಳದಿದ್ದರೂ ಬಹುಮಟ್ಟಿಗೆ ಈ ಸಂಗ್ರಹದಿಂದಲೇ ಬೆಳೆಯುತ್ತವೆ. ಎಳ್ಳಮಾವಾಸ್ಯೆಯಂದು ಜನ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಮಳೆ ನಿಂತು ಎರಡು ತಿಂಗಳಾಗಿರುತ್ತದೆ; ಹೊಲ ಮಾತ್ರ ಹಸುರಾಗಿರುತ್ತದೆ. ಅಂದಿನ ಬುತ್ತಿಯ ಸಜ್ಜೆರೊಟ್ಟಿ, ಪುಂಡಿಪಲ್ಯಗಳ ರುಚಿಯನ್ನು ಉಂಡವರೇ ಬಲ್ಲರು.

ರೈತನ ಜಾಣ್ಮೆಯನ್ನೂ ಗಮನಿಸಬೇಕು. ಸಾಲುಗಳ ನಡುವೆ ಎಡೆಕುಂಟೆ ಹಾಯಿಸುವುದು ಕಳೆ ತೆಗೆಯಲು ಮಾತ್ರವಲ್ಲ. ಮೇಲಿನ ಎರಡು ಬೆರಳು ಮಣ್ಣು ಪುಡಿಯಾಗಿ ಬಿರುಕುಗಳ ಬಾಯಿ ಮುಚ್ಚುತ್ತದೆ. ತಳದ ತೇವ ಮೇಲೇರಿ ಆರಿಹೋಗುವುದು ತಗ್ಗುತ್ತದೆ. ಜೋಳದೊಡನೆ ಅಕ್ಕಡಿಯಾಗಿ ಕುಸುಬೆ ಬಿತ್ತುವುದೂ ಅಂಥದೇ ಉಪಾಯ. ಅದರ ಬೇರು ಜೋಳದ ಬೇರಿಗೆ ನಿಲುಕದ ಆಳದ ನೀರನ್ನು ಹೀರುತ್ತದೆ; ಮುಳ್ಳು ದನಗಳನ್ನು ದೂರವಿಡುತ್ತದೆ. ಇಷ್ಟಾದರೂ ಮಳೆ ತಪ್ಪಿದ ವರ್ಷ ಸಾಲವೇ ಗತಿ. ದೇಶದ ಮೊದಲ ಕೃಷಿ ಸಹಕಾರಿ ಸಂಘವು 1905ರಲ್ಲಿ ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಹುಟ್ಟಿದ್ದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ಬೆಳೆಗೆ ಉದಾರಿಯಾದ ಈ ಮಣ್ಣು ಬಾವಿಗೆ ಜಿಪುಣ. ಒಮ್ಮೆ ಉಬ್ಬಿದ ಎರೆ ನೀರನ್ನು ಕೆಳಗಿನ ಬಂಡೆಗೆ ಸುಲಭವಾಗಿ ಬಿಟ್ಟುಕೊಡದು. ಆದುದರಿಂದಲೇ ಈ ಸೀಮೆಯ ಹಿರಿಯರು ಕೆರೆಗಳನ್ನು ನೆಚ್ಚಿಕೊಂಡರು. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಮಂಗೋಲಿಯಾ, ಟಿಬೆಟ್ಟುಗಳ ಕಡೆಯಿಂದ ಹಿಮಾಲಯವನ್ನು ದಾಟಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು.

ಕೊಳವೆಬಾವಿಗಳು ಬಂದ ಮೇಲೆ ಜನ ನೂರಾರು ಅಡಿ ಆಳದ ನೀರನ್ನು ಎತ್ತತೊಡಗಿದರು. ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರು ಕಲ್ಲಿನ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಸುಣ್ಣದ ಅಂಶ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಕಟ್ಟಿಹಾಕುತ್ತದೆ. ಆ ಸುಣ್ಣ ಹರಳುಗಟ್ಟಿ ಮಣ್ಣಿನಲ್ಲೇ ಉಳಿದರೆ ಫ್ಲೋರೈಡಿಗೆ ತಡೆಯಿಲ್ಲ. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಬಾರದು. ಮುಂಡರಗಿ ತಾಲೂಕಿನ ಹಲವು ಹಳ್ಳಿಗಳಲ್ಲಿ ಈ ಮಿತಿ ಮೀರಿದೆ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುವುದು ಅದರ ಮೊದಲ ಗುರುತು. ವರ್ಷಗಟ್ಟಲೆ ಕುಡಿದರೆ ಎಲುಬು ಕೀಲುಗಳು ಬಿಗಿಯುತ್ತವೆ. ನೀರನ್ನು ಕುದಿಸಿದರೆ ಫ್ಲೋರೈಡು ಹೋಗುವುದಿಲ್ಲವೆಂಬುದನ್ನು ಓದುಗರು ನೆನಪಿಡಬೇಕು. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಬೇರೆ ನೀರನ್ನು ತರುವುದು, ಇಲ್ಲವೆ ಶುದ್ಧೀಕರಣ ಘಟಕದಲ್ಲಿ ಸೋಸುವುದು, ಇವೇ ದಾರಿ. ತುಂಗಭದ್ರೆಯ ನೀರನ್ನು ಜಿಲ್ಲೆಯ ಊರುಗಳಿಗೆ ಕೊಳವೆಗಳಲ್ಲಿ ಒಯ್ಯುತ್ತಿರುವುದು ಈ ಕಾರಣಕ್ಕೂ ಹೌದು.

ಹೊಲದ ಮಟ್ಟಿಗೆ ಹೇಳುವುದಾದರೆ, 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯ ಹೊಂಡಗಳು ಎರೆನೆಲಕ್ಕೆ ಚೆನ್ನಾಗಿ ಒಗ್ಗುತ್ತವೆ. ಬಾವಿಗೆ ನೀರು ಬಿಡದ ಅದೇ ಜೇಡಿ ಇಲ್ಲಿ ಹೊಂಡದ ತಳವನ್ನು ತಾನೇ ಮುಚ್ಚುತ್ತದೆ. ಮಸಾರಿಯಲ್ಲಾದರೆ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಬೇಕಾಗುತ್ತದೆ.