ಶನಿವಾರದ ಹಾಡು, ಭಾನುವಾರದ ಹಾಡು

ಮೈಸೂರು

ಚಿ. ಪುಟ್ಟಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಕಾಲೇಜಿನ ಉತ್ಸವದಲ್ಲಿ ಬ್ಯಾಂಡಿನ ಜೊತೆ ಮೊದಲ ಸಲ ಹಾಡಿದೆ, ವಿಡಿಯೊ ಮಾಡುತ್ತಿದ್ದ ಗೆಳತಿಯ ಫೋನು ಶುರುವಿನಲ್ಲೇ ಚಾರ್ಜ್ ಮುಗಿದು ಆರಿಹೋಯಿತು, ಇನ್ನು ಹಾಡಿದ್ದೂ ಒಂದೇ ಬಿಟ್ಟಿದ್ದೂ ಒಂದೇ ಎಂದು ಬರೆದಿದ್ದೀಯ. ಉಳಿದದ್ದನ್ನೆಲ್ಲ ಓದಿ ಹಿಗ್ಗಿದೆ. ಆ ಒಂದು ಮಾತು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ ಕಣೇ.

ಅಮೆರಿಕದ ಗಾಯಕಿ ಜಾನಿಸ್ ಜಾಪ್ಲಿನ್ ಹೆಸರು ನೀನು ಕೇಳಿರುತ್ತೀಯ. ನಾನು ಕೇಳಿದ್ದು 1984ರಲ್ಲಿ, ಹಾಸ್ಟೆಲಿನಲ್ಲಿ. ರೂಮಿನವಳ ಅಣ್ಣ ಕೊಟ್ಟ ಒಂದು ಕ್ಯಾಸೆಟ್ಟಿನಲ್ಲಿ 'ಚೀಪ್ ಥ್ರಿಲ್ಸ್' ಎಂಬ ಅವಳ ಆಲ್ಬಮ್ ಇತ್ತು. ಹಾಡು ಹಾಡಿಗೂ ಜನರ ಗದ್ದಲ, ಚಪ್ಪಾಳೆ. ಕಣ್ಣುಮುಚ್ಚಿಕೊಂಡು ಆ ಜನರ ನಡುವೆ ನಾನೂ ನಿಂತಿದ್ದೇನೆ ಅಂದುಕೊಳ್ಳುತ್ತಿದ್ದೆ. ಎಷ್ಟೋ ವರ್ಷ ಕಳೆದ ಮೇಲೆ ತಿಳಿಯಿತು, ಅದರಲ್ಲಿ ಹೆಚ್ಚಿನ ಹಾಡುಗಳು ಸ್ಟುಡಿಯೊದಲ್ಲಿ ಹಾಡಿದವು, ಜನರ ಸದ್ದನ್ನು ಆಮೇಲೆ ಬೆರೆಸಿದ್ದು ಎಂದು. ನಿಜವಾಗಿ ವೇದಿಕೆಯ ಮೇಲೆ ಮುದ್ರಣವಾದದ್ದು ಕೊನೆಯ ಹಾಡು ಒಂದೇ, 'ಬಾಲ್ ಅಂಡ್ ಚೈನ್'. ನನ್ನ ರೋಮ ನಿಮಿರುತ್ತಿದ್ದದ್ದೂ ಆ ಒಂದೇ ಹಾಡಿಗೆ. ಕಿವಿಗೆ ಗೊತ್ತಾಗಿತ್ತು, ನನಗೆ ಗೊತ್ತಿರಲಿಲ್ಲ.

ಅದೇ ಹಾಡನ್ನು ಅವಳು ಆ ಆಲ್ಬಮ್ ಬರುವುದಕ್ಕೂ ಒಂದು ವರ್ಷ ಮೊದಲು, 1967ರ ಜೂನ್‌ನಲ್ಲಿ, ಕ್ಯಾಲಿಫೋರ್ನಿಯಾದ ಮಾಂಟೆರೇ ಎಂಬ ಸಮುದ್ರದಂಚಿನ ಊರಿನಲ್ಲಿ ಹಾಡಿದ್ದಳು. ಜಾತ್ರೆ, ಪ್ರದರ್ಶನಗಳು ನಡೆಯುವ ಮೈದಾನದಲ್ಲಿ ಮೂರು ದಿನದ ಪಾಪ್ ಉತ್ಸವ. ನಿರ್ದೇಶಕ ಡಿ. ಎ. ಪೆನ್ನಿಬೇಕರ್ ಅದನ್ನು ಚಿತ್ರೀಕರಿಸಿದರು. 1968ರಲ್ಲಿ 'ಮಾಂಟೆರೇ ಪಾಪ್' ಎಂಬ ಸಿನಿಮಾ ಬಂತು. ಅದನ್ನು ನೀನು ನೋಡಬೇಕು. ನೋಡುವ ಮೊದಲು ಅದರ ಹಿಂದಿನ ಕತೆ ಕೇಳು.

ಅವಳಾಗ 24ರ ಹುಡುಗಿ. ಟೆಕ್ಸಾಸಿನ ಪೋರ್ಟ್ ಆರ್ಥರ್ ಎಂಬ ಎಣ್ಣೆ ಕಾರ್ಖಾನೆಗಳ ಊರಿನವಳು. ಶಾಲೆಯಲ್ಲಿ ಅವಳ ಮುಖ, ಮೈಕಟ್ಟು, ಕರಿಯರ ಪರವಾಗಿ ಆಡಿದ ಮಾತು, ಎಲ್ಲಕ್ಕೂ ಹುಡುಗರು ಗೇಲಿ ಮಾಡಿದವರೇ. ಸ್ಯಾನ್‌ಫ್ರಾನ್ಸಿಸ್ಕೋಗೆ ಬಂದು 'ಬಿಗ್ ಬ್ರದರ್ ಅಂಡ್ ದ ಹೋಲ್ಡಿಂಗ್ ಕಂಪನಿ' ಎಂಬ ಬ್ಯಾಂಡ್ ಸೇರಿ ಒಂದೇ ವರ್ಷವಾಗಿತ್ತು. ಆ ಊರಿನ ಆಚೆ ಅವಳ ಹೆಸರು ಬಲ್ಲವರು ಕಡಿಮೆ. ಬ್ಯಾಂಡ್ ಹಾಡಬೇಕಾದದ್ದು ಜೂನ್ 17, ಶನಿವಾರ ಮಧ್ಯಾಹ್ನ.

ಆ ಉತ್ಸವದಲ್ಲಿ ಯಾರಿಗೂ ಸಂಭಾವನೆ ಇರಲಿಲ್ಲ, ಒಬ್ಬರನ್ನು ಬಿಟ್ಟು. ಆ ಒಬ್ಬರು ನಮ್ಮ ಪಂಡಿತ್ ರವಿಶಂಕರ್. ಅವರಿಗೆ 3,000 ಡಾಲರ್ ಕೊಟ್ಟಿದ್ದರು. ಉಳಿದವರೆಲ್ಲ ಧರ್ಮಕ್ಕೆ ಹಾಡಿದರು, ಹಣವೆಲ್ಲ ದಾನಧರ್ಮದ ಕೆಲಸಗಳಿಗೆ ಎಂಬ ಒಪ್ಪಂದ. ಚಿತ್ರ ಟೆಲಿವಿಷನ್‌ಗೆ ಹೋಗುವುದಿತ್ತು. ಬಿಟ್ಟಿಯಾಗಿ ಚಿತ್ರೀಕರಣ ಆಗದು ಎಂದು ಬಿಗ್ ಬ್ರದರ್‌ನ ಮ್ಯಾನೇಜರ್ ಹಟ ಹಿಡಿದರು. ಕಲಾವಿದರ ಬೆವರು ಪುಕ್ಕಟೆಯಲ್ಲ ಎಂಬ ಅವರ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಅದರಿಂದ ಆದದ್ದು ಇಷ್ಟು: ಶನಿವಾರ ಅವಳು ಹಾಡುವಾಗ ಕ್ಯಾಮೆರಾಗಳು ಸುಮ್ಮನೆ ಇದ್ದವು.

ಅವತ್ತು ಅವಳು ಹೇಗೆ ಹಾಡಿದಳು? ಜನ ಎದ್ದು ನಿಂತರಂತೆ. ಹೆಸರೇ ಕೇಳದ ಹುಡುಗಿಯೊಬ್ಬಳ ಮಾತು ಸಂಜೆಯೊಳಗೆ ಮೈದಾನವೆಲ್ಲ ಹಬ್ಬಿತು. ಕೊಲಂಬಿಯಾ ರೆಕಾರ್ಡ್ಸ್‌ನ ಮುಖ್ಯಸ್ಥ ಕ್ಲೈವ್ ಡೇವಿಸ್ ಅಲ್ಲಿಗೆ ಬಂದವರು ಅವಳನ್ನು ಕೇಳಿ ಮರುಳಾದರು. ಮುಂದೆ ಅವರ ಕಂಪನಿಯೇ 'ಚೀಪ್ ಥ್ರಿಲ್ಸ್' ಹೊರತಂದಿತು, ಅದು ಅಮೆರಿಕದ ಪಟ್ಟಿಯಲ್ಲಿ 8 ವಾರ ಮೊದಲ ಸ್ಥಾನದಲ್ಲಿತ್ತು. ಅವಳ ಬಾಳು ತಿರುಗಿದ್ದು ಆ ಶನಿವಾರ. ಅದರ ಚಿತ್ರ ಇಲ್ಲ. ನಿನ್ನ ಗೆಳತಿಯ ಫೋನು ಆರಿದ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದೇ ಇದು.

ಆಮೇಲೆ ಒಳಗೆ ಜಗಳವಾಯಿತು, ಅವಳೂ ಬ್ಯಾಂಡಿನವರೂ ಪಟ್ಟು ಹಿಡಿದರು, ಚಿತ್ರೀಕರಣಕ್ಕೆ ಒಪ್ಪಿಗೆ ಕೊಟ್ಟರು. ಸಂಘಟಕರು ಭಾನುವಾರ ಸಂಜೆ ಇನ್ನೊಮ್ಮೆ ಸ್ವಲ್ಪ ಹೊತ್ತು ಕೊಟ್ಟರು. ನಾವು ಇವತ್ತು ನೋಡುವುದು ಆ ಎರಡನೆಯ ಸಲದ್ದು.

ಅದೇ ಭಾನುವಾರ ಮಧ್ಯಾಹ್ನ ಅದೇ ವೇದಿಕೆಯ ಮೇಲೆ ಅಲ್ಲಾ ರಖಾ ತಬಲಾ ಹಿಡಿದು ರವಿಶಂಕರ್ ಗಂಟೆಗಟ್ಟಲೆ ನುಡಿಸಿದ್ದರು. ಸಿನಿಮಾ ಮುಗಿಯುವುದೂ ಅವರ ಸಿತಾರ್‌ನಿಂದಲೇ. ಆ ಭಾಗವನ್ನು ಓಡಿಸಿಬಿಡಬೇಡ. ಮಡಚುವ ಕುರ್ಚಿಗಳ ಮೇಲೆ ಕೂತ ಆ ಮಕ್ಕಳು ಹೇಗೆ ಕೇಳುತ್ತಾರೆ ನೋಡು.

ಈಗ ಹಾಡಿಗೆ ಬರುತ್ತೇನೆ. 'ಬಾಲ್ ಅಂಡ್ ಚೈನ್' ಜಾನಿಸಳದ್ದಲ್ಲ, ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕರಿಯ ಬ್ಲೂಸ್ ಗಾಯಕಿಯದು. ಎಲ್ವಿಸ್ ಪ್ರೀಸ್ಲಿ ಹಾಡಿ ಜಗತ್ತಿಗೆಲ್ಲ ಗೊತ್ತಾದ 'ಹೌಂಡ್ ಡಾಗ್' ಅನ್ನು ಅವನಿಗಿಂತ ಮೊದಲು ಹಾಡಿದವರೂ ಅವರೇ. ಅವರ ಬಾಯಿಂದ ಕೇಳಿ, ಅವರ ಒಪ್ಪಿಗೆ ಪಡೆದು, ಬ್ಯಾಂಡ್ ಇದನ್ನು ಎತ್ತಿಕೊಂಡಿತು. ಕಾಲ ನಿಧಾನ ಮಾಡಿದರು, ಮೇಜರ್‌ನಿಂದ ಮೈನರ್‌ಗೆ ತಂದರು. ನಿನಗೆ ನಾನು ಹೇಳಿಕೊಟ್ಟ ಸಂಗೀತದ ಭಾಷೆಯಲ್ಲಿ ಹೇಳುವುದಾದರೆ, ಅಂತರ ಗಾಂಧಾರ ಇದ್ದ ಕಡೆ ಸಾಧಾರಣ ಗಾಂಧಾರ ಬಂತು. ಒಂದು ಸ್ವರ ಅಷ್ಟು ಇಳಿದದ್ದಕ್ಕೆ ಮನೆಯ ದೀಪವೇ ಇಳಿದ ಹಾಗಾಗುತ್ತದೆ. ಅವಳ ಹಾಡನ್ನು ಕೇಳುವ ದಿನವೇ ಥಾರ್ನ್‌ಟನ್ ಹಾಡಿದ್ದನ್ನೂ ಕೇಳು. ಸಾಲ ತಂದದ್ದು ಯಾರಿಂದ ಎಂದು ತಿಳಿಯದೆ ಅನುಭವಿಸುವುದು ನನಗೆ ಸರಿಕಾಣುವುದಿಲ್ಲ.

ಸಿನಿಮಾದಲ್ಲಿ ಗಿಟಾರು ಕಿರುಚಿ ನಿಲ್ಲುತ್ತದೆ. ಅವಳು ಮೈಕಿಗೆ ಬಾಯಿ ತಾಗುವಷ್ಟು ಹತ್ತಿರ ಬಂದು, ಪಕ್ಕದಲ್ಲಿ ಕೂತವರಿಗೆ ಸಂಕಟ ಹೇಳಿಕೊಳ್ಳುವ ಹಾಗೆ ಶುರುಮಾಡುತ್ತಾಳೆ. ಬೆಳ್ಳನೆಯ, ಹೊಳೆಯುವ ಉಡುಪು, ಕೆದರಿದ ಕೂದಲು. ಎದೆಯೊಡೆಯುವ ಕೂಗಿನಿಂದ ಪಿಸುಮಾತಿಗೆ ಅವಳು ಇಳಿಯುವುದನ್ನು ಗಮನಿಸು. ಜನ ಕೂಗನ್ನೇ ಹೇಳುತ್ತಾರೆ, ಪಿಸುಮಾತನ್ನು ಬಿಟ್ಟುಬಿಡುತ್ತಾರೆ. ಕ್ಯಾಮೆರಾ ಅವಳ ಪಾದಕ್ಕೂ ಹೋಗುತ್ತದೆ. ಪಾದ ತಾಳವನ್ನು ನೆಲಕ್ಕೆ ಗುದ್ದುತ್ತಿರುತ್ತದೆ. ಮೇಲೆ ಎಷ್ಟೇ ಚೀರಿದರೂ ಕೆಳಗೆ ಲೆಕ್ಕ ತಪ್ಪಿಲ್ಲ. ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್‌ಳ ಧ್ವನಿಮುದ್ರಿಕೆಗಳಿಂದ ಕಲಿತವಳು, ಸೋಲ್ ಗಾಯಕ ಓಟಿಸ್ ರೆಡ್ಡಿಂಗ್ ಹಾಡುವಾಗ ಮುಂದೆಯೇ ನಿಲ್ಲಬೇಕೆಂದು ಬೇಗ ಹೋಗಿ ಜಾಗ ಹಿಡಿದವಳು ಅವಳು. ನಡುವೆ ಸಭಿಕರ ಸಾಲಿನಲ್ಲಿ ಕ್ಯಾಸ್ ಎಲಿಯಟ್ ಕಾಣುತ್ತಾರೆ, ಅವರೂ ದೊಡ್ಡ ಗಾಯಕಿ. ಬಾಯಿ ತೆರೆದುಕೊಂಡು ಕೂತಿರುತ್ತಾರೆ.

ಆಗಿನ 16 ಮಿಲಿಮೀಟರಿನ ಕ್ಯಾಮೆರಾದಲ್ಲಿ ಒಂದು ಸುರುಳಿ ಹನ್ನೊಂದು ನಿಮಿಷಕ್ಕೆ ಮುಗಿಯುತ್ತಿತ್ತು. ಹೆಗಲ ಮೇಲೆ ಭಾರ ಹೊತ್ತು ನಿಂತವನು ಯಾವುದಕ್ಕೆ ಸುರುಳಿ ಖರ್ಚು ಮಾಡಲಿ, ಯಾವುದಕ್ಕೆ ಬಿಡಲಿ ಎಂದು ಯೋಚಿಸಬೇಕಿತ್ತು. ಹಾಗೆ ಯೋಚಿಸುವ ಕಣ್ಣಿನ ಮುಂದೆ ಅವಳು ಹಾಡಿದಳು. ಆದರೆ ಪುಟ್ಟಿ, ಆ ಪಾದ, ಆ ಉಸಿರು ಕ್ಯಾಮೆರಾಕ್ಕಾಗಿ ಹುಟ್ಟಿದ್ದಲ್ಲ. ಯಾರೂ ಹಿಡಿಯದ ಶನಿವಾರವೂ ಅವಳು ಇಡಿಯಾಗಿ ಹಾಡಿದ್ದಳು, ಏನನ್ನೂ ಉಳಿಸಿಕೊಂಡಿರಲಿಲ್ಲ. ಹಾಗೆ ಹಾಡಿದ್ದರಿಂದಲೇ ಭಾನುವಾರ ಸಿಕ್ಕಿತು.

ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. 1970ರ ಅಕ್ಟೋಬರ್ 4ರಂದು ಲಾಸ್ ಏಂಜಲೀಸಿನ ಹೋಟೆಲೊಂದರಲ್ಲಿ ಹೆರಾಯಿನ್ ಅವಳನ್ನು ನುಂಗಿತು. 27 ವರ್ಷ. ನೋವಿದ್ದರೆ ಮಾತ್ರ ಅಂಥ ಧ್ವನಿ ಬರುತ್ತದೆ, ನಶೆಯಿದ್ದರೆ ಮಾತ್ರ ಬಿಡುಗಡೆ ಎಂದು ನಿನಗೆ ಯಾರಾದರೂ ಹೇಳಿದರೆ ನಂಬಬೇಡ. ಆ ವಿಷ ಅವಳಿಗೆ ಹಾಡು ಕೊಡಲಿಲ್ಲ, ಇನ್ನೂ ಮೂವತ್ತು ನಲವತ್ತು ವರ್ಷದ ಹಾಡುಗಳನ್ನು ನಮ್ಮೆಲ್ಲರಿಂದ ಕಿತ್ತುಕೊಂಡಿತು. 'ಪರ್ಲ್' ಆಲ್ಬಮ್ ಹೊರಬಂದಾಗ ಅವಳಿರಲಿಲ್ಲ. ಅದನ್ನು ಕೇಳಿದಾಗಲೆಲ್ಲ ನನಗೆ ಈಗಲೂ ಸಿಟ್ಟು ಬರುತ್ತದೆ.

ನಾನು ಚಿಕ್ಕವಳಿದ್ದಾಗ ಹೆಣ್ಣುಮಕ್ಕಳ ಧ್ವನಿ ಹೊಸಿಲು ದಾಟಬಾರದು ಎನ್ನುತ್ತಿದ್ದರು. ತಾರ ಷಡ್ಜಕ್ಕೆ ಏರುವಾಗ ನಾನು ಕಿಟಕಿ ಮುಚ್ಚಿಕೊಂಡು ಹಾಡುತ್ತಿದ್ದೆ. ಹಾಸ್ಟೆಲಿನ ಆ ಕ್ಯಾಸೆಟ್ಟು ಕೇಳಿದ ದಿನ ಕಿಟಕಿ ತೆರೆದೆ ಎಂದು ಹೇಳಿದರೆ ಸುಳ್ಳಾದೀತು. ತೆರೆಯಲಿಲ್ಲ. ಆದರೆ ಕಿಟಕಿಯೊಂದು ಅಲ್ಲಿದೆ ಎಂದು ಗೊತ್ತಾಯಿತು. ನೀನು ನೂರಾರು ಜನರ ಮುಂದೆ ಬಾಯ್ತುಂಬ ಹಾಡಿದ್ದೀಯ. ನನ್ನ ಹತ್ತಿರ ಅದರ ವಿಡಿಯೊ ಇಲ್ಲದಿದ್ದರೇನು, ನಿನ್ನ ಕಾಗದವಿದೆ.

ಸಿನಿಮಾದಲ್ಲಿ ಹಾಡು ಮುಗಿದ ಕ್ಷಣವನ್ನು ತಪ್ಪಿಸಿಕೊಳ್ಳಬೇಡ. ಅಷ್ಟು ಸಂಕಟವನ್ನು ಹೊರಹಾಕಿದವಳ ಮುಖ ಥಟ್ಟನೆ ಅರಳುತ್ತದೆ. ಪರೀಕ್ಷೆ ಮುಗಿಸಿ ಓಡುವ ಮಗುವಿನ ಹಾಗೆ ಕುಪ್ಪಳಿಸಿಕೊಂಡು ವೇದಿಕೆಯಿಂದ ಹೋಗುತ್ತಾಳೆ.

ನೀನು ಹೇಗೆ ಇಳಿದೆ? ಸೌಂಡ್ ಚೆಕ್ ತಡವಾದದ್ದು, ಡ್ರಮ್ಮಿನ ಹುಡುಗ ಬೆವತದ್ದು, ಎಲ್ಲ ಬರೆದಿದ್ದೀಯ, ಕೊನೆಯ ಸ್ವರ ನಿಂತ ಮೇಲೆ ಏನಾಯಿತೆಂದು ಮಾತ್ರ ಬರೆದಿಲ್ಲ. ಮುಂದಿನ ಕಾಗದದಲ್ಲಿ ಬರಿ.

ನಿನ್ನ ಪ್ರೀತಿಯ
ಅತ್ತೆ