ಬಂದವರು ನಿಜವಾಗಿಯೂ ಪೊಲೀಸರೇ? ಖಾತ್ರಿ ಮಾಡಿಕೊಳ್ಳುವುದು ಹೀಗೆ

ಬೆಳಿಗ್ಗೆ ದೇವಸ್ಥಾನಕ್ಕೆ ಹೊರಟ ವಯಸ್ಸಾದ ಹೆಂಗಸಿನ ಪಕ್ಕ ಬೈಕೊಂದು ನಿಲ್ಲುತ್ತದೆ. ‘ಅಮ್ಮಾ, ನಾವು ಪೊಲೀಸ್ನೋರು. ಮುಂದಿನ ಬೀದೀಲಿ ರಾತ್ರಿ ಕೊಲೆ ಆಗಿದೆ. ಹಿಂಗೆ ಸರ ಹಾಕ್ಕೊಂಡು ಓಡಾಡಬ್ಯಾಡಿ, ಬಿಚ್ಚಿ ಕೊಡಿ, ಪೇಪರಲ್ಲಿ ಸುತ್ತಿ ಕೊಡ್ತೀವಿ’ ಎನ್ನುತ್ತಾನೆ ಒಬ್ಬ. ಇನ್ನೊಬ್ಬ ಜೇಬಿನಿಂದ ಕಾರ್ಡ್ ತೆಗೆದು ತೋರಿಸಿದಂತೆ ಮಾಡಿ ಒಳಗಿಡುತ್ತಾನೆ. ದಾರಿಹೋಕನಂತೆ ಬಂದ ಮೂರನೆಯವನು ಮರುಮಾತಿಲ್ಲದೆ ತನ್ನ ಉಂಗುರ ಬಿಚ್ಚಿಕೊಡುತ್ತಾನೆ. ಅಮ್ಮನಿಗೆ ಧೈರ್ಯ ಬರುತ್ತದೆ. ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ ಒಳಗಿರುವುದು ಜಲ್ಲಿಕಲ್ಲು.

ರಾಜ್ಯದ ಠಾಣೆಗಳಿಗೆ ವರ್ಷಗಳಿಂದ ಬರುತ್ತಲೇ ಇರುವ ದೂರು ಇದು. ಹೀಗೆ ಸರ ಕಳೆದುಕೊಂಡವರಿಗೆ ಮನೆಯವರಿಂದಲೇ ಬೈಗುಳ ಸಿಗುತ್ತದೆ: ‘ಅಷ್ಟೂ ಗೊತ್ತಾಗಲಿಲ್ವಾ?’ ಹಾಗೆ ಬೈಯುವುದು ಅನ್ಯಾಯ. ಆ ತಾಯಿ ಮಾಡಿದ್ದು ಪೊಲೀಸರು ಹೇಳಿದಂತೆ ಕೇಳಿದ್ದು, ಅಷ್ಟೆ. ಆದರೆ ಅಸಲಿ ಪೊಲೀಸರು ಯಾವ ಕ್ರಮದಲ್ಲಿ ನಡೆದುಕೊಳ್ಳಬೇಕು ಎಂಬುದನ್ನು ಕಾನೂನು ಬಹಳ ವಿವರವಾಗಿ ಬರೆದಿಟ್ಟಿದೆ. ಬಟ್ಟೆಯನ್ನು ಯಾರು ಬೇಕಾದರೂ ಹೊಲಿಸಿಕೊಳ್ಳಬಹುದು. ಆ ಕ್ರಮವನ್ನು ಪಾಲಿಸಲು ನಕಲಿಗಳಿಂದ ಆಗುವುದಿಲ್ಲ. ಅದನ್ನು ಮನೆಮಂದಿಯೆಲ್ಲ ತಿಳಿದಿರಬೇಕು ಎಂಬ ಕಳಕಳಿಯಿಂದ ಈ ಲೇಖನ.

ಕಾನೂನಿನಲ್ಲಿ ಏನಿದೆ?

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ನಕಲಿ ಅಧಿಕಾರಿಗಳ ವಿಚಾರದಲ್ಲಿ ಇದರ ಎರಡು ಸೆಕ್ಷನ್‌ಗಳು ಮುಖ್ಯ.

ಸೆಕ್ಷನ್ 204 ತಾನು ಸರ್ಕಾರಿ ನೌಕರನೆಂದು ಸುಳ್ಳು ಹೇಳಿ, ಆ ಹುದ್ದೆಯ ಹೆಸರಿನಲ್ಲಿ ಏನಾದರೂ ಮಾಡುವವನಿಗೆ ಅಥವಾ ಮಾಡಲು ಹೊರಡುವವನಿಗೆ ಅನ್ವಯಿಸುತ್ತದೆ. ವಾಹನ ತಡೆದು ದಾಖಲೆ ಕೇಳುವುದು, ಮನೆ ಶೋಧಿಸುವುದು, ‘ನಡಿ ಠಾಣೆಗೆ’ ಎಂದು ಎಳೆದೊಯ್ಯುವುದು ಎಲ್ಲವೂ ಇದರಲ್ಲಿ ಬರುತ್ತವೆ. ಹಳೆಯ ಕಾಯ್ದೆಯ 170ನೇ ಸೆಕ್ಷನ್‌ನಲ್ಲಿ ಇದಕ್ಕೆ ಗರಿಷ್ಠ ಎರಡು ವರ್ಷ ಜೈಲು ಅಥವಾ ದಂಡ ಇತ್ತು; ಬರೀ ದಂಡ ಕಟ್ಟಿ ಪಾರಾಗಲು ಅವಕಾಶವಿತ್ತು. ಈಗ ಕನಿಷ್ಠ ಆರು ತಿಂಗಳು, ಗರಿಷ್ಠ ಮೂರು ವರ್ಷ ಜೈಲು, ಜೊತೆಗೆ ದಂಡ. ಇದು ಜಾಮೀನುರಹಿತ ಅಪರಾಧವೂ ಹೌದು.

ಸೆಕ್ಷನ್ 205 ಬಟ್ಟೆ ಮತ್ತು ಬ್ಯಾಡ್ಜಿಗೆ ಸಂಬಂಧಿಸಿದ್ದು. ಜನ ತನ್ನನ್ನು ಪೊಲೀಸ್ ಎಂದು ನಂಬಲಿ ಎಂಬ ಉದ್ದೇಶದಿಂದ, ಅಥವಾ ಹಾಗೆ ನಂಬುತ್ತಾರೆಂದು ಗೊತ್ತಿದ್ದೂ, ಪೊಲೀಸರದನ್ನು ಹೋಲುವ ಉಡುಪು ತೊಟ್ಟರೆ ಅಥವಾ ಗುರುತು ಇಟ್ಟುಕೊಂಡರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಿಂದೆ ಈ ದಂಡದ ಮಿತಿ 200 ರೂಪಾಯಿ ಇತ್ತು. ಉಡುಪು ತದ್ರೂಪ ಆಗಿರಬೇಕೆಂದಿಲ್ಲ, ಹೋಲುವಂತಿದ್ದರೆ ಸಾಕು. ಹಣ ಕಿತ್ತಿರಬೇಕೆಂದೂ ಇಲ್ಲ. ಸೈನಿಕರ ಉಡುಪಿಗೆ ಇಂಥದ್ದೇ ನಿಯಮ 168ನೇ ಸೆಕ್ಷನ್‌ನಲ್ಲಿದೆ.

ಹಣ, ಚಿನ್ನ ಹೋಗಿದ್ದರೆ ಇವುಗಳ ಜೊತೆಗೆ ವಂಚನೆ (318), ಸೋಗು ಹಾಕಿ ವಂಚಿಸುವುದು (319), ಸುಲಿಗೆ (308) ಇಂಥ ಸೆಕ್ಷನ್‌ಗಳೂ ಸೇರುತ್ತವೆ. ಶಿಕ್ಷೆ ಆಗ ಏಳು ವರ್ಷದವರೆಗೂ ಹೋಗಬಹುದು.

ಖಾಕಿ ತೊಡುವ ಮೊದಲು

ಖಾಕಿ ಬಣ್ಣ ಯಾರ ಸ್ವತ್ತೂ ಅಲ್ಲ. ಆಟೊ ಚಾಲಕರು, ಬಸ್ ನಿರ್ವಾಹಕರು ದಿನವೂ ತೊಡುತ್ತಾರೆ. ನಾಟಕದ ಇನ್ಸ್‌ಪೆಕ್ಟರ್, ಸಿನಿಮಾದ ಎಸ್‌ಪಿ, ಶಾಲೆಯ ವೇಷಭೂಷಣ ಸ್ಪರ್ಧೆಯ ಪುಟ್ಟ ಪೊಲೀಸಪ್ಪ ಇವರಾರೂ ತಪ್ಪು ಮಾಡುತ್ತಿಲ್ಲ, ಏಕೆಂದರೆ ನೋಡುವವರಿಗೆ ಅದು ವೇಷವೆಂದು ಗೊತ್ತು. ಆದರೂ ಬೀದಿಯಲ್ಲಿ ಚಿತ್ರೀಕರಣ ಮಾಡುವವರು ಸ್ಥಳೀಯ ಠಾಣೆಗೆ ಮೊದಲೇ ತಿಳಿಸಬೇಕು. ಪಾತ್ರಧಾರಿಗಳು ಅದೇ ಬಟ್ಟೆಯಲ್ಲಿ ಊಟಕ್ಕೋ ಪೆಟ್ರೋಲ್ ಬಂಕಿಗೋ ಹೋಗಬಾರದು. ರೀಲ್ಸ್ ಮಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು: ದಾರಿಯಲ್ಲಿ ಹೋಗುವವರನ್ನು ‘ಪ್ರಾಂಕ್’ ಹೆಸರಿನಲ್ಲಿ ಪೊಲೀಸ್ ವೇಷದಲ್ಲಿ ತಡೆದು ನಿಲ್ಲಿಸಿದರೆ ಅದು ನೇರ 204ರ ವ್ಯಾಪ್ತಿಗೆ ಬರಬಹುದು.

ಇನ್ನೊಂದು ವಿಷಯವನ್ನು ಸ್ವಲ್ಪ ನಿಂತು ಹೇಳಬೇಕು. ಪಿಎಸ್‌ಐ ಪರೀಕ್ಷೆಗೆ ವರ್ಷಗಟ್ಟಲೆ ಓದಿ, ಆಯ್ಕೆಯಾಗದೆ, ಮನೆಯಲ್ಲಿ ‘ಕೆಲಸ ಆಯಿತು’ ಎಂದು ಸುಳ್ಳು ಹೇಳಿ, ಎರಡು ನಕ್ಷತ್ರದ ಯೂನಿಫಾರ್ಮ್ ಹೊಲಿಸಿಕೊಂಡು ಊರಿಗೆ ಬರುವ ಹುಡುಗರಿದ್ದಾರೆ. ಸನ್ಮಾನ ಆಗುತ್ತದೆ, ಹೆಣ್ಣು ಕೊಡಲು ಮುಂದೆ ಬರುತ್ತಾರೆ, ಯಾರದೋ ಜಮೀನು ವ್ಯಾಜ್ಯ ‘ಬಗೆಹರಿಸಿಕೊಡಿ ಸಾರ್’ ಎಂದು ಬರುತ್ತದೆ. ಮೊದಲ ದಿನದ ಸುಳ್ಳು 205 ಆಗಿದ್ದರೆ, ವ್ಯಾಜ್ಯಕ್ಕೆ ಕೈಹಾಕಿದ ದಿನ ಅದು 204 ಆಗುತ್ತದೆ. ಇಂಥ ಪ್ರಕರಣ ದಾಖಲಾದರೆ ಮುಂದೆ ಯಾವ ಸರ್ಕಾರಿ ಕೆಲಸಕ್ಕೂ ಪೊಲೀಸ್ ಪರಿಶೀಲನೆಯ ಹಂತದಲ್ಲಿ ತೊಡಕಾಗುತ್ತದೆ. ಮನೆಯಲ್ಲಿ ಇಂಥ ಒತ್ತಡದಲ್ಲಿರುವ ಮಕ್ಕಳಿದ್ದರೆ ದಯವಿಟ್ಟು ಮಾತಾಡಿಸಿ. ಸೋತೆ ಎಂದು ಹೇಳಿಕೊಳ್ಳಲು ಅವರಿಗೆ ಮನೆಯಲ್ಲೇ ಜಾಗ ಬೇಕು.

ಅಪಾರ್ಟ್‌ಮೆಂಟ್ ಸಂಘಗಳಿಗೂ ಒಂದು ಮಾತು. ಖಾಸಗಿ ಭದ್ರತಾ ಸಂಸ್ಥೆಗಳ 2005ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸೆಕ್ಯುರಿಟಿ ಗಾರ್ಡ್ ಪೊಲೀಸರ ಅಥವಾ ಸೇನೆಯ ಉಡುಪನ್ನು ಹೋಲುವ ಬಟ್ಟೆ ತೊಡುವಂತಿಲ್ಲ. ತೊಟ್ಟರೆ ಗಾರ್ಡ್ ಜೊತೆಗೆ ಸಂಸ್ಥೆಯ ಮಾಲೀಕನಿಗೂ ಒಂದು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಹಾಗೆಯೇ ಖಾಸಗಿ ಸಂಘವೊಂದು ನಾಲ್ಕು ಸಿಂಹದ ಲಾಂಛನವಿರುವ ‘ಅಧಿಕಾರಿ’ ಕಾರ್ಡನ್ನು ದುಡ್ಡಿಗೆ ಮಾಡಿಕೊಡುತ್ತೇನೆಂದರೆ ತೆಗೆದುಕೊಳ್ಳಬೇಡಿ. ಸರ್ಕಾರದ್ದೆಂಬ ಭಾವನೆ ಬರುವಂತೆ ಆ ಲಾಂಛನ ಬಳಸುವುದಕ್ಕೆ 2005ರ ಇನ್ನೊಂದು ಕಾಯ್ದೆಯಡಿ ಎರಡು ವರ್ಷದವರೆಗೆ ಶಿಕ್ಷೆ ಇದೆ.

ಪೊಲೀಸ್ ಎಂದು ಒಬ್ಬರು ಎದುರು ನಿಂತಾಗ

ಮೊದಲ ಹೆಜ್ಜೆ: ನಿಂತ ಜಾಗದಲ್ಲೇ ಇರಿ. ಗಲ್ಲಿಗೆ ಬನ್ನಿ, ಕಾರಿನೊಳಗೆ ಕೂತು ಮಾತಾಡೋಣ ಎಂದರೆ ಒಪ್ಪಬೇಡಿ. ನಾಲ್ಕು ಜನರಿರುವ ಕಡೆ, ಅಂಗಡಿ ಮುಂದೆ ನಿಂತು ಮಾತಾಡಿ. ಒಡವೆಯನ್ನಂತೂ ಯಾವ ಕಾರಣಕ್ಕೂ ಬಿಚ್ಚಿ ಕೊಡಬೇಡಿ. ರಸ್ತೆಯಲ್ಲಿ ಜನರ ಒಡವೆ ಬಿಚ್ಚಿಸಿ ಸುತ್ತಿಕೊಡುವ ಕೆಲಸ ಯಾವ ಪೊಲೀಸರಿಗೂ ಇಲ್ಲ. ಈ ಒಂದು ಮಾತನ್ನು ಇವತ್ತೇ ಮನೆಯ ಹಿರಿಯರಿಗೆ ಹೇಳಿ.

ಎರಡನೆಯದು, ಗುರುತು ಕೇಳಿ. ಧ್ವನಿ ಏರಿಸಬೇಡಿ. ‘ಸಾರ್, ನಿಮ್ಮ ಐಡಿ ಕಾರ್ಡ್ ಸ್ವಲ್ಪ ತೋರಿಸ್ತೀರಾ? ಯಾವ ಸ್ಟೇಷನ್?’ ಎಂದರೆ ಸಾಕು. ಕಾರ್ಡನ್ನು ಪೂರ್ತಿ ಓದುವಷ್ಟು ಹೊತ್ತು ನೋಡಿ: ಹೆಸರು, ಹುದ್ದೆ, ಫೋಟೊ. ಎದೆಯ ಮೇಲಿನ ಹೆಸರಿನ ಪಟ್ಟಿಗೂ ಕಾರ್ಡಿಗೂ ತಾಳೆ ಇದೆಯೇ ಗಮನಿಸಿ. ಪಿಎಸ್‌ಐ ಭುಜದ ಮೇಲೆ ಎರಡು ನಕ್ಷತ್ರ, ಇನ್ಸ್‌ಪೆಕ್ಟರ್ ಆದರೆ ಮೂರು, ಇಬ್ಬರಿಗೂ ಕೆಂಪು-ನೀಲಿ ಪಟ್ಟಿ ಇರುತ್ತದೆ. ಡಿವೈಎಸ್‌ಪಿಗೆ ಮೂರು ನಕ್ಷತ್ರ, ಪಟ್ಟಿ ಇಲ್ಲ. ಹುದ್ದೆ ಒಂದು ಹೇಳಿ ಭುಜದ ಮೇಲೆ ಇನ್ನೊಂದಿದ್ದರೆ ಅನುಮಾನಿಸಿ. ಆದರೆ ನಕ್ಷತ್ರ ಸರಿಯಾಗಿದೆ ಎಂದಷ್ಟಕ್ಕೇ ನಂಬಬೇಡಿ. ಯೂನಿಫಾರ್ಮ್ ಕೂಡ ಬದಲಾಗುತ್ತಿರುತ್ತದೆ. ನಮ್ಮ ಕಾನ್‌ಸ್ಟೆಬಲ್‌ಗಳ ಹಳೆಯ ಸ್ಲೋಚ್ ಹ್ಯಾಟ್ ಬದಲು ನೀಲಿ ಪೀಕ್ ಕ್ಯಾಪ್ ಬಂದದ್ದು 2025ರಲ್ಲಿ.

ಬಂದವರು ಮಫ್ತಿಯಲ್ಲಿದ್ದರೆ? ಅಸಲಿ ಪೊಲೀಸರೂ ಮಫ್ತಿಯಲ್ಲಿ ಕೆಲಸ ಮಾಡುತ್ತಾರೆ, ಹಾಗಾಗಿ ಮಫ್ತಿ ಎಂದಷ್ಟಕ್ಕೆ ನಕಲಿ ಎನ್ನಲಾಗದು. ಆದರೆ ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ ನೋಡಿ: ಚಾಲಕ ಲೈಸೆನ್ಸ್ ತೋರಿಸಬೇಕಾದದ್ದು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದಾಗ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಟೀ ಶರ್ಟ್ ಹಾಕಿಕೊಂಡು ಬೈಕಿನ ಕೀ ಕಿತ್ತು ದಂಡ ಕೇಳುವವನಿಗೆ ದುಡ್ಡು ಕೊಡಬೇಕಾಗಿಲ್ಲ. ಸಮವಸ್ತ್ರದಲ್ಲಿದ್ದವರಿಗೂ ರಸೀದಿ ಇಲ್ಲದೆ ದಂಡ ಕಟ್ಟಬೇಡಿ.

ಮೂರನೆಯದು, ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡಿ. ಎಲ್ಲಕ್ಕಿಂತ ಗಟ್ಟಿಯಾದ ಹೆಜ್ಜೆ ಇದೇ. ಎದುರಿಗಿರುವವರು ಕೊಡುವ ನಂಬರಿಗೆ ಕರೆ ಮಾಡಬೇಡಿ, ಆ ಕಡೆಯೂ ಅವರದೇ ಮನುಷ್ಯ ಇರಬಹುದು. ‘ಇಂಥ ಜಾಗದಲ್ಲಿ ಇಷ್ಟು ಜನ ಪೊಲೀಸರೆಂದು ಬಂದಿದ್ದಾರೆ, ಖಾತ್ರಿ ಬೇಕು’ ಎಂದು ಅವರಿಗೆ ಕೇಳುವಂತೆಯೇ ಹೇಳಿ. ಅಸಲಿಯವರಿಗೆ ಇದರಿಂದ ಅಡ್ಡಿಯಿಲ್ಲ. ನಕಲಿಗಳು ಸಾಮಾನ್ಯವಾಗಿ ಈ ಹಂತದಲ್ಲೇ ಜಾಗ ಖಾಲಿ ಮಾಡುತ್ತಾರೆ. ಅವರನ್ನು ಹಿಡಿಯಲು, ತಳ್ಳಾಡಲು ಹೋಗಬೇಡಿ. ಒಂದು ವೇಳೆ ಅವರು ಅಸಲಿ ಪೊಲೀಸರೇ ಆಗಿದ್ದರೆ, ಕೈಮಾಡಿದ್ದಕ್ಕೆ ನಿಮ್ಮ ಮೇಲೆಯೇ ಪ್ರಕರಣವಾಗುತ್ತದೆ.

ಮನೆ ಶೋಧಿಸುತ್ತೇವೆ, ಬಂಧಿಸುತ್ತೇವೆ ಎಂದರೆ

1987ರ ಮಾರ್ಚ್‌ನಲ್ಲಿ ಮುಂಬೈಯ ಒಪೇರಾ ಹೌಸ್ ಪ್ರದೇಶದ ಆಭರಣ ಮಳಿಗೆಯೊಂದಕ್ಕೆ ಸಿಬಿಐ ಅಧಿಕಾರಿ ಎಂದುಕೊಂಡು ಒಬ್ಬ ದಂಡು ಕಟ್ಟಿಕೊಂಡು ಹೋದ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಪಂಚತಾರಾ ಹೋಟೆಲಿನಲ್ಲಿ ಸಂದರ್ಶನ ಮಾಡಿ ಅವನು ಆರಿಸಿಕೊಂಡ ಯುವಕರಿಗೆ ತಾವು ನಿಜವಾದ ಕೆಲಸದಲ್ಲೇ ಇದ್ದೇವೆ ಎಂಬ ನಂಬಿಕೆ ಇತ್ತು. ‘ಶೋಧ’ ಮಾಡಿಸಿ, ಒಡವೆಗಳನ್ನು ಚೀಲಕ್ಕೆ ತುಂಬಿಸಿಕೊಂಡು ಹೋದವನು ಮತ್ತೆ ಸಿಗಲಿಲ್ಲ. 2013ರ ಹಿಂದಿ ಸಿನಿಮಾ ‘ಸ್ಪೆಷಲ್ 26’ಕ್ಕೆ ಪ್ರೇರಣೆಯಾದದ್ದು ಇದೇ ಘಟನೆ. ನಮ್ಮಲ್ಲೂ 2025ರ ಜನವರಿಯಲ್ಲಿ ದಕ್ಷಿಣ ಕನ್ನಡದ ವಿಟ್ಲ ಠಾಣೆ ವ್ಯಾಪ್ತಿಯ ಮನೆಯೊಂದಕ್ಕೆ ಇ.ಡಿ. ಅಧಿಕಾರಿಗಳ ಸೋಗಿನಲ್ಲಿ ನುಗ್ಗಿದವರು ಲಕ್ಷಾಂತರ ರೂಪಾಯಿ ಹೊತ್ತೊಯ್ದರು.

ಅಸಲಿ ಶೋಧದ ಲಕ್ಷಣಗಳು ಪೊಲೀಸರು ಪಾಲಿಸಬೇಕಾದ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿವೆ. ಶೋಧ ಶುರುವಾಗುವ ಮೊದಲು ಆ ಪ್ರದೇಶದ ಕನಿಷ್ಠ ಇಬ್ಬರು ಗೌರವಸ್ಥರನ್ನು ಪಂಚರಾಗಿ ಕರೆಯಬೇಕು. ಮನೆಯವರು ಎದುರಿಗೇ ಇರಬಹುದು. ಏನೇನು ತೆಗೆದುಕೊಂಡರೋ ಅದರ ಪಟ್ಟಿ ಮಾಡಿ, ಪಂಚರ ಸಹಿ ಹಾಕಿಸಿ, ಪ್ರತಿಯನ್ನು ಮನೆಯವರಿಗೆ ಕೊಡಬೇಕು. 105ನೇ ಸೆಕ್ಷನ್ ಪ್ರಕಾರ ಇಡೀ ಪ್ರಕ್ರಿಯೆಯ ವಿಡಿಯೊ ಚಿತ್ರೀಕರಣವಾಗಬೇಕು. ಹೆಂಗಸರ ಮೈ ತಪಾಸಣೆಯನ್ನು ಹೆಂಗಸರೇ ಮಾಡಬೇಕು. ಬಂದವರು ಪಂಚರೂ ಬೇಡ, ಪಟ್ಟಿಯೂ ಬೇಡ ಎಂದು ಎಲ್ಲರ ಮೊಬೈಲ್ ಕಿತ್ತುಕೊಂಡು, ಸಿಸಿಟಿವಿ ಡಬ್ಬಿಯನ್ನೂ ಎತ್ತಿಕೊಂಡು ಹೊರಟರೆ, ಜೋರಾಗಿ ಕೂಗಿ ಅಕ್ಕಪಕ್ಕದವರನ್ನು ಸೇರಿಸಿ.

ಬಂಧನಕ್ಕೂ ಹೀಗೆಯೇ ಕ್ರಮವಿದೆ. ಸೆಕ್ಷನ್ 36ರಂತೆ ಬಂಧಿಸುವ ಅಧಿಕಾರಿಯ ಹೆಸರು ಎದ್ದು ಕಾಣುವಂತಿರಬೇಕು. ಬಂಧನದ ಮೆಮೊ ಬರೆದು, ಮನೆಯವರೋ ಊರಿನ ಗೌರವಸ್ಥರೋ ಒಬ್ಬರು ಸಾಕ್ಷಿ ಸಹಿ ಹಾಕಬೇಕು. ಕಾರಣ ತಿಳಿಸಬೇಕು, ಎಲ್ಲಿಗೆ ಕರೆದೊಯ್ಯುತ್ತಿದ್ದೇವೆ ಎಂದು ಬಂಧುಗಳಿಗೆ ಹೇಳಬೇಕು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಂಗಸರನ್ನು ಬಂಧಿಸಬೇಕಾದರೆ ತೀರಾ ಅಸಾಧಾರಣ ಕಾರಣ ಇರಬೇಕು, ಮಹಿಳಾ ಅಧಿಕಾರಿ ಇರಬೇಕು, ಮ್ಯಾಜಿಸ್ಟ್ರೇಟರ ಮುಂಗಡ ಅನುಮತಿಯೂ ಬೇಕು. ಇನ್ನು ಸಾಕ್ಷಿ ಹೇಳಿಕೆಗೆಂದು ಹೆಂಗಸರನ್ನು, 60 ದಾಟಿದವರನ್ನು, 15ರೊಳಗಿನ ಹುಡುಗರನ್ನು ಮನೆಯಿಂದ ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ.

ಫೋನಿನೊಳಗಿನ ಖಾಕಿ

ಈಗ ಖಾಕಿ ವಿಡಿಯೊ ಕಾಲ್‌ನಲ್ಲೂ ಬರುತ್ತದೆ. ಹಿನ್ನೆಲೆಯಲ್ಲಿ ಠಾಣೆಯ ಸೆಟ್, ವಾಕಿಟಾಕಿ ಸದ್ದು, ಪರದೆಯ ಮೇಲೆ ಸುಳ್ಳು ವಾರಂಟು. ನಿಮ್ಮ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ‘ಡಿಜಿಟಲ್ ಅರೆಸ್ಟ್’ ಆಗಿದ್ದೀರಿ, ಕೋಣೆ ಬಿಟ್ಟು ಏಳಬೇಡಿ ಎನ್ನುತ್ತಾರೆ. ಅಂಥ ಬಂಧನ ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಈ ವಂಚನೆಯ ಬಗ್ಗೆ ಎಚ್ಚರಿಸುವಾಗ ಕೇಳಿಸಿದ ಧ್ವನಿಮುದ್ರಣ ನಮ್ಮ ವಿಜಯಪುರದವರೊಬ್ಬರಿಗೆ ಬಂದ ಕರೆಯದ್ದು. ಆರೋಪಿಗೆ ಕೊಡುವ ಹಾಜರಾತಿ ನೋಟಿಸನ್ನು ಪೊಲೀಸರು ವಾಟ್ಸ್ಆ್ಯಪ್‌ನಲ್ಲಿ ಜಾರಿ ಮಾಡುವಂತಿಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕರೆ ಕತ್ತರಿಸಿ, ಮನೆಯವರಿಗೆ ತಿಳಿಸಿ. ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದೂರು ಬೇಗ ತಲುಪಿದರೆ ಹಣ ಮುಂದಿನ ಖಾತೆಗಳಿಗೆ ಹರಿಯುವ ಮೊದಲೇ ಬ್ಯಾಂಕಿನಲ್ಲಿ ತಡೆಹಿಡಿಯುವ ಅವಕಾಶ ಹೆಚ್ಚು. ಇಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಸೆಕ್ಷನ್ ಕೂಡ ಅನ್ವಯಿಸುತ್ತದೆ.

ಮೋಸ ಹೋದ ಮೇಲೆ

ನಾಚಿಕೆಯಿಂದ ಸುಮ್ಮನಿರಬೇಡಿ. ಮನೆಗೆ ಬಂದ ತಕ್ಷಣ, ನೆನಪು ಹಸಿಯಿರುವಾಗಲೇ ಬರೆದಿಡಿ: ಸಮಯ, ಜಾಗ, ಗಾಡಿಯ ಬಣ್ಣ, ನಂಬರಿನ ನೆನಪಿರುವಷ್ಟು ಅಂಕಿ, ಅವರಾಡಿದ ಭಾಷೆ, ಹೇಳಿಕೊಂಡ ಹೆಸರು ಮತ್ತು ಠಾಣೆ. ಕೊಟ್ಟ ಪೊಟ್ಟಣವನ್ನೋ ಕಾಗದವನ್ನೋ ಎಸೆಯಬೇಡಿ, ಬೆರಳಚ್ಚು ಇರಬಹುದು. ಅಕ್ಕಪಕ್ಕದ ಅಂಗಡಿಗಳ ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗಬಹುದು. ಅದನ್ನು ಉಳಿಸಿಡುವಂತೆ ಅಂದೇ ಕೇಳಿಕೊಳ್ಳಿ.

ಘಟನೆ ಬೇರೆ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ದೂರು ಕೊಡಬಹುದು. ಆನ್‌ಲೈನ್ ಮೂಲಕ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ದೂರಿನಲ್ಲಿ ‘ಪೊಲೀಸರೆಂದು ಹೇಳಿಕೊಂಡರು’, ‘ಇಂಥ ಉಡುಪು ತೊಟ್ಟಿದ್ದರು’, ‘ಇಂಥ ಕಾರ್ಡ್ ತೋರಿಸಿದರು’ ಎಂಬ ಮೂರು ವಾಕ್ಯ ಸ್ಪಷ್ಟವಾಗಿರಲಿ. ಬರೀ ‘ಸರ ಕಳುವಾಗಿದೆ’ ಎಂದು ಬರೆದುಕೊಟ್ಟರೆ 204, 205 ಎಫ್‌ಐಆರ್‌ನಲ್ಲಿ ಬಿಟ್ಟುಹೋಗುವ ಸಾಧ್ಯತೆ ಇರುತ್ತದೆ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಎಸ್‌ಪಿಗೆ ಲಿಖಿತವಾಗಿ, ಅಂಚೆಯಲ್ಲಾದರೂ ಸರಿ, ಕಳುಹಿಸಿ. ಅಲ್ಲಿಯೂ ಕ್ರಮವಾಗದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್‌ನ ನಾಲ್ಕನೇ ಉಪ ಸೆಕ್ಷನ್‌ನಂತೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಠಾಣೆಗೆ ಕೊಟ್ಟ ದೂರಿನ ನಕಲು ಮತ್ತು ಎಸ್‌ಪಿಗೆ ಕಳುಹಿಸಿದ ಅಂಚೆ ರಸೀದಿ ಆಗ ಬೇಕಾಗುತ್ತವೆ.